ಕೋಚ್ ಕೆಲಸ ಇದೆ, ಕಾಗದ ಎಲ್ಲಿದೆ?

ಸಂಪಾದಕರೇ, ನಮಸ್ಕಾರ.

ದೈಹಿಕ ಶಿಕ್ಷಣದ ಪದವಿ ಬಿ.ಪಿ.ಇಡಿ. ಮುಗಿಸಿದ ಹುಡುಗ ಹುಡುಗಿಯರು ಈಗೀಗ ನನಗೆ ಫೋನ್ ಮಾಡಿ ಕೇಳೋದು ಒಂದೇ ಪ್ರಶ್ನೆ. "ಮೇಡಂ, ಡಿಗ್ರಿ ಕಾಲೇಜಿನಲ್ಲಿ ಸಾಫ್ಟ್‌ಬಾಲ್ ಅಸಿಸ್ಟೆಂಟ್ ಕೋಚ್ ಕೆಲಸಕ್ಕೆ ಕರೀತಿದ್ದಾರೆ, ಹೋಗ್ಲಾ ಬೇಡ್ವಾ?" ಒಬ್ಬೊಬ್ಬರಿಗೂ ಅದನ್ನೇ ಹೇಳಿ ಹೇಳಿ ಸಾಕಾಗಿದೆ. ನಿಮ್ಮ ಪತ್ರಿಕೆಗೆ ಬರೆದರೆ ಅವರೂ ಓದುತ್ತಾರೆ, ಕಾಲೇಜು ನಡೆಸುವವರ ಕಣ್ಣಿಗೂ ಬೀಳಬಹುದು. ನಾನು ಬಳ್ಳಾರಿಯ ಒಂದು ಕಾಲೇಜಿನಲ್ಲಿ ವರ್ಷಗಟ್ಟಲೆ ಈ ಕೆಲಸ ಮಾಡಿದವಳು. ಈಗ ಖಾಸಗಿ ಶಾಲೆಯೊಂದರಲ್ಲಿ ಪಿ.ಟಿ. ಟೀಚರ್. ಹಾಗಾಗಿ ಯಾರ ಮುಲಾಜೂ ಇಲ್ಲದೆ ಬರೆಯಬಹುದು.

ಆಟ ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. 1887ರಲ್ಲಿ ಅಮೆರಿಕದ ಶಿಕಾಗೊದ ಒಂದು ಕ್ಲಬ್ಬಿನೊಳಗೆ ಹಳೇ ಬಾಕ್ಸಿಂಗ್ ಗ್ಲೌಸನ್ನೇ ಚೆಂಡಿನ ಹಾಗೆ ಕಟ್ಟಿ ಕೋಲಿನಿಂದ ಹೊಡೆದು ಶುರು ಮಾಡಿದ ಆಟ ಇದು. ತಂಡಕ್ಕೆ ಒಂಬತ್ತು ಜನ, ಏಳು ಇನ್ನಿಂಗ್ಸ್. ಚೆಂಡು ಎಸೆಯುವ ಪಿಚರ್ ಸಾಮಾನ್ಯವಾಗಿ ತೋಳನ್ನು ಭುಜದಿಂದ ಪೂರ್ತಿ ಒಂದು ಸುತ್ತು ತಿರುಗಿಸಿ ಸೊಂಟದ ಪಕ್ಕದಿಂದ ಚೆಂಡು ಬಿಡ್ತಾರೆ. ಹೆಣ್ಣುಮಕ್ಕಳ ಆಟದಲ್ಲಿ ಪಿಚರ್ ನಿಲ್ಲುವ ಜಾಗಕ್ಕೂ ಬ್ಯಾಟ್ ಹಿಡಿದವಳು ನಿಲ್ಲುವ ಹೋಮ್ ಪ್ಲೇಟಿಗೂ ನಡುವೆ 43 ಅಡಿ. ಗಂಟೆಗೆ 95 ಕಿ.ಮೀ. ವೇಗದಲ್ಲಿ ಚೆಂಡು ಬಂದರೆ ಬ್ಯಾಟ್ ಹಿಡಿದವಳಿಗೆ ಸಿಗೋದು ಅರ್ಧ ಸೆಕೆಂಡ್ ಅಷ್ಟೇ. ಒಲಿಂಪಿಕ್ಸ್‌ನಲ್ಲಿ 1996ರಿಂದ 2008ರವರೆಗೆ ಇತ್ತು, ಆಮೇಲೆ ಕೈಬಿಟ್ಟರು, ಟೋಕಿಯೊದಲ್ಲಿ ಮತ್ತೆ ಬಂತು, 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೂ ಇದೆ. ನಮ್ಮಲ್ಲಿ ಕೇಂದ್ರ ಸರ್ಕಾರದ ನೇಮಕಾತಿಯ ಕ್ರೀಡಾ ಕೋಟಾ ಪಟ್ಟಿಯಲ್ಲೂ ಸಾಫ್ಟ್‌ಬಾಲ್ ಇದೆ. ಆದ್ದರಿಂದಲೇ ನಮ್ಮ ಮಕ್ಕಳು ಅರ್ಧ ಆಟದ ಹುಚ್ಚಿಗೆ, ಅರ್ಧ ಸರ್ಟಿಫಿಕೇಟಿಗೆ ಆಡ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಕೂಲಿ ಮಾಡುವವರ ಮನೆಯಿಂದ ಬಂದ ಹುಡುಗಿ ಸರ್ಟಿಫಿಕೇಟಿನ ಆಸೆಗೆ ಬೆಳಿಗ್ಗೆ ಐದಕ್ಕೆ ಎದ್ದರೆ ಅದೂ ಒಂದು ಶಿಸ್ತೇ.

ಇನ್ನು ಅಸಿಸ್ಟೆಂಟ್ ಕೋಚ್ ಏನು ಮಾಡ್ತಾರೆ ಅಂತ. ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕರು ಅಂತ ಸಾಮಾನ್ಯವಾಗಿ ಒಬ್ಬರೇ ಇರುತ್ತಾರೆ. ಅವರನ್ನು ಎಲ್ಲರೂ ಪಿ.ಡಿ. ಸರ್ ಅಂತೀವಿ. ಕಬಡ್ಡಿ, ಖೋಖೋ, ವಾಲಿಬಾಲ್, ಅಥ್ಲೆಟಿಕ್ಸ್, ಕ್ರಿಕೆಟ್, ಯೋಗ, ಅದರ ಮೇಲೆ ಪರೀಕ್ಷಾ ಡ್ಯೂಟಿ, ಕಾಲೇಜಿಗೆ ದರ್ಜೆ ಕೊಡುವ ನ್ಯಾಕ್‌ನ ಫೈಲು, ಆಗಸ್ಟ್ 15ರ ಪರೇಡು, ಎಲ್ಲಾ ಅವರ ತಲೆ ಮೇಲೆ. ಪಾಪ, ಅವರೊಬ್ಬರು ಎಷ್ಟಂತ ಮಾಡ್ತಾರೆ? ಸಾಫ್ಟ್‌ಬಾಲ್ ಸರದಿ ಬರುವಾಗ ಅವರಿಗೆ ಉಸಿರೇ ಉಳಿದಿರಲ್ಲ. ಆಗ ನಮ್ಮಂಥವರಿಗೆ ಕರೆ ಬರುತ್ತೆ. "ಸ್ವಲ್ಪ ನೋಡ್ಕೊಳಮ್ಮ, ನೀನು ಯೂನಿವರ್ಸಿಟಿ ಆಡಿದವಳು ಅಲ್ವಾ" ಅಂತ. ಆ "ಸ್ವಲ್ಪ" ಆಮೇಲೆ ಪೂರ್ತಿ ತಂಡವೇ ಆಗಿಬಿಡುತ್ತೆ.

ಕೆಲಸ ಮೈದಾನದಿಂದ ಶುರು. ಸಾಫ್ಟ್‌ಬಾಲಿಗೆ ಅಂತಲೇ ಮೈದಾನ ಇರೋ ಕಾಲೇಜು ನಮ್ಮ ಕಡೆ ನಾನು ನೋಡಿಲ್ಲ. ಕ್ರಿಕೆಟ್ ಆಡುವ ಬಯಲಲ್ಲೇ ಒಂದು ಮೂಲೆ ಹಿಡಿದು ನಾವೇ ಗೆರೆ ಹಾಕಿಕೊಳ್ಳಬೇಕು. ಚೆಂಡು ಹೊಡೆದವಳು ಓಡಿ ಮುಟ್ಟಬೇಕಾದ ಮೂಲೆಗಳೇ ಬೇಸ್, ಹೋಮ್ ಪ್ಲೇಟೂ ಸೇರಿ ನಾಲ್ಕು. ಒಂದೊಂದರ ನಡುವೆ 60 ಅಡಿ. ನಾಲ್ಕು ಮೂಲೆಯೂ ಸರಿಯಾಗಿ ಚೌಕ ಬರಬೇಕು, ಕಣ್ಣಂದಾಜಿಗೆ ಹಾಕಿದರೆ ಖಂಡಿತ ಸೊಟ್ಟ ಆಗುತ್ತೆ. ಅದಕ್ಕೊಂದು ಉಪಾಯ ಇದೆ. ಹೋಮ್ ಪ್ಲೇಟಿನಿಂದ ನೇರವಾಗಿ 84 ಅಡಿ 10 ಇಂಚು ಅಳೆದು ಸೆಕೆಂಡ್ ಬೇಸಿಗೆ ಗೂಟ ಹೊಡೆಯೋದು. ಆಮೇಲೆ 120 ಅಡಿ ಹಗ್ಗ ತಗೊಂಡು ಸರಿಯಾಗಿ ಮಧ್ಯಕ್ಕೆ ಒಂದು ಗಂಟು. ಹಗ್ಗದ ಒಂದು ತುದಿ ಹೋಮ್ ಪ್ಲೇಟಿನ ಹತ್ರ ಒಬ್ಬಳು ತುಳಿದು ನಿಲ್ತಾಳೆ, ಇನ್ನೊಂದು ತುದಿ ಸೆಕೆಂಡ್ ಬೇಸಲ್ಲಿ ಇನ್ನೊಬ್ಬಳು. ನಾನು ಗಂಟು ಹಿಡಿದು ಬಲಕ್ಕೆ ಬಿಗಿಯಾಗಿ ಎಳೆದರೆ ಗಂಟು ಬಿದ್ದ ಜಾಗ ಫಸ್ಟ್ ಬೇಸ್, ಎಡಕ್ಕೆ ಎಳೆದರೆ ಥರ್ಡ್ ಬೇಸ್. ಗಣಿತದ ಮೇಷ್ಟ್ರು ಒಬ್ಬರು ವಾಕಿಂಗ್ ಬಂದವರು ನಿಂತು ನೋಡಿ, "ಇದನ್ನ ಕ್ಲಾಸಲ್ಲಿ ಹೇಳಿದ್ರೆ ಒಬ್ಬನೂ ಕೇಳಲ್ಲ, ಇಲ್ಲಿ ನೋಡಿ" ಅಂದಿದ್ದರು. ಅದಾದ ಮೇಲೆ ಸುಣ್ಣದ ಪುಡಿ. ಅದು ಕಣ್ಣಿಗೆ ಹೋದರೆ ಆ ದಿನದ ಕಥೆ ಮುಗೀತು. ಮಳೆಗಾಲದಲ್ಲಿ ಎರೆ ಮಣ್ಣಾದರೆ ಶೂ ಸಮೇತ ಕಾಲು ಹೂತುಕೊಳ್ಳುತ್ತೆ, ಬೇಸಿಗೆಯಲ್ಲಿ ಗರಸು ಮಣ್ಣಾದರೆ ಬೇಸ್ ಮುಟ್ಟೋಕೆ ಜಾರುವ ಹುಡುಗಿಯ ಮೊಣಕಾಲು ಕಿತ್ತು ಬರುತ್ತೆ. ಜೀನ್ಸ್ ಹೊಲಿಯುವ ಊರು ನಮ್ಮದು, ಅದೊಂದು ಅನುಕೂಲ. ಹರಿದ ಪ್ಯಾಂಟಿನ ಮೊಣಕಾಲಿಗೆ ದಪ್ಪ ತೇಪೆ ಹಾಕಿಕೊಡೋ ಅಣ್ಣಂದಿರು ಗಲ್ಲಿಗಲ್ಲಿಯಲ್ಲೂ ಸಿಕ್ತಾರೆ.

ಗ್ಲೌಸಿನ ಕಥೆ ಬೇರೆ. ಬಲಗೈಯಲ್ಲಿ ಎಸೆಯುವವರಿಗೆ ಗ್ಲೌಸು ಎಡಗೈಗೆ ಬೇಕು. ಎಡಚರಿಗೆ ಬಲಗೈಗೆ. ಕಾಲೇಜು ತರಿಸಿದ ಕಿಟ್‌ನಲ್ಲಿ ಎಡಚರ ಗ್ಲೌಸು ಒಂದೂ ಇರಲ್ಲ. ಸಿರುಗುಪ್ಪ ಕಡೆಯ ಹುಡುಗಿಯೊಬ್ಬಳು, ಒಳ್ಳೆ ಎಡಗೈ, ಫಸ್ಟ್ ಬೇಸಿಗೆ ಹೇಳಿ ಮಾಡಿಸಿದ ಹಾಗೆ ಇದ್ದಳು. ಎಡಗೈ ಗ್ಲೌಸಿನಲ್ಲೇ ಹಿಡಿದು, ಗ್ಲೌಸು ಕಿತ್ತು ಬಗಲಿಗೆ ಸಿಕ್ಕಿಸಿ, ಅದೇ ಕೈಯಲ್ಲಿ ಎಸೀತಿದ್ದಳು. ಅಷ್ಟು ಹೊತ್ತಿಗೆ ಓಡುವವಳು ಬೇಸ್ ಮುಟ್ಟಿರುತ್ತಿದ್ದಳು. ಕೊನೆಗೆ ಅವಳಿಗೆ ಗ್ಲೌಸು ತರಿಸಿದ್ದು ಯಾರ ದುಡ್ಡಿನಲ್ಲಿ ಅಂತ ನೀವು ಊಹಿಸಬಹುದು. ಬಿಡಿ, ಅದು ಲೆಕ್ಕಕ್ಕೆ ಬೇಡ.

ಮ್ಯಾಚ್ ದಿನ ಪಿ.ಡಿ. ಸರ್ ಥರ್ಡ್ ಬೇಸ್ ಪಕ್ಕ ನಿಂತರೆ ಅಸಿಸ್ಟೆಂಟ್ ಫಸ್ಟ್ ಬೇಸ್ ಪಕ್ಕ ನಿಲ್ಲಬೇಕು. ಟೋಪಿ ಮುಟ್ಟಿದರೆ ಬಂಟ್ (ಚೆಂಡನ್ನು ಮೆಲ್ಲಗೆ ತಟ್ಟೋದು), ಬೆಲ್ಟ್ ಮುಟ್ಟಿದರೆ ಸ್ಟೀಲ್ (ಹೊಡೆತಕ್ಕೆ ಕಾಯದೆ ಮುಂದಿನ ಬೇಸಿಗೆ ಓಡೋದು), ಕಿವಿ ಮುಟ್ಟಿದರೆ ಹಿಂದಿನದು ಕ್ಯಾನ್ಸಲ್, ಹೀಗೆ ಸನ್ನೆ. ಸ್ಕೋರ್ ಪುಸ್ತಕ ಬರೆಯೋದೂ ನಾವೇ. ಪಿಚರ್ 1, ಕ್ಯಾಚರ್ 2 ಅಂತ ಶುರುವಾಗಿ ರೈಟ್ ಫೀಲ್ಡರ್ 9ರವರೆಗೆ ಎಲ್ಲರಿಗೂ ನಂಬರ್. ಪುಸ್ತಕದಲ್ಲಿ 6-4-3 ಅಂತ ಬರೆದಿದ್ದರೆ ಸೆಕೆಂಡ್, ಥರ್ಡ್ ಬೇಸ್‌ಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಚೆಂಡನ್ನು ಸೆಕೆಂಡ್ ಬೇಸಿಗೆ ಕೊಟ್ಟು, ಅಲ್ಲಿಂದ ಫಸ್ಟ್ ಬೇಸಿಗೆ ಹೋಗಿ, ಇಬ್ಬರು ಔಟ್ ಆದರು ಅಂತ ಅರ್ಥ. ಬಳ್ಳಾರಿ ಬಿಸಿಲಲ್ಲಿ ಪೆನ್ನು ಜಾರುವ ಬೆವರು ಕೈಯಲ್ಲಿ ಅದನ್ನ ತಪ್ಪಿಲ್ಲದೆ ಬರೆಯೋದು ಸುಮ್ನೆ ಮಾತಲ್ಲ.

ಇಷ್ಟಾದರೂ ಎಲ್ಲಕ್ಕಿಂತ ದೊಡ್ಡ ಕೆಲಸ ಬೇರೆಯದೇ. ಹೆಣ್ಣುಮಕ್ಕಳನ್ನ ಹೊರ ಊರಿಗೆ ಕರ್ಕೊಂಡು ಹೋಗೋದು. ಅಂತರ ವಿಶ್ವವಿದ್ಯಾಲಯ ಟೂರ್ನಿ ಅಂದ್ರೆ ರೈಲಲ್ಲಿ ಎರಡು ರಾತ್ರಿ ಕೂಡ ಆಗಬಹುದು. ಕುರುಗೋಡು, ಕಂಪ್ಲಿ, ಸಂಡೂರು ಕಡೆಯ ಹಳ್ಳಿಯ ಅಪ್ಪ ಅಮ್ಮ ಮೊದಲು ಕೇಳೋದು ಟೂರ್ನಿ ಯಾವ ರಾಜ್ಯದಲ್ಲಿ ಅಂತಲ್ಲ. "ಮೇಡಂ ಜೊತೆಗೆ ಬರ್ತಾರಾ?" ಅಂತ. ಬರ್ತೀನಿ ಅಂದರೆ ಮಾತ್ರ ಫಾರ್ಮಿಗೆ ಸಹಿ. ಆ ಫಾರ್ಮು ತುಂಬಿಸೋದೂ ನಾವೇ. ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ನಿಯಮದಂತೆ ವಯಸ್ಸು 17ರಿಂದ 25ರೊಳಗೆ ಇರಬೇಕು, ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿ ಬೇಕು, ಫೋಟೊ ಬೇಕು, ಒಂದು ಅಕ್ಷರ ಹೆಚ್ಚು ಕಡಿಮೆ ಆದರೂ ಅಲ್ಲಿ ಹೋದ ಮೇಲೆ ಹುಡುಗಿ ಹೊರಗೆ ಕೂರಬೇಕು. ರಾತ್ರಿ ಬೋಗಿಯಲ್ಲಿ ಎಲ್ಲರೂ ಮಲಗಿದ ಮೇಲೂ ಬಾಗಿಲ ಕಡೆಯ ಸೀಟಲ್ಲಿ ಎದ್ದು ಕೂರೋಳು ಅಸಿಸ್ಟೆಂಟ್ ಕೋಚ್.

ಈಗ ದುಡ್ಡಿನ ವಿಚಾರಕ್ಕೆ ಬರ್ತೀನಿ. ಸಂಬಳ ಅಂತ ಇರಲ್ಲ. ಟೂರ್ನಿ ಮುಗಿದ ಮೇಲೆ ಒಂದು ಕವರ್ ಕೊಡ್ತಾರೆ, ಗೌರವಧನ ಅಂತ. ಅದರಲ್ಲಿ ಪೆಟ್ರೋಲ್ ಖರ್ಚು ಕಳೆದರೆ ಗೆಳತಿಯರಿಗೆ ಒಗ್ಗರಣಿ ಮಿರ್ಚಿ ಕೊಡಿಸುವಷ್ಟು ಉಳಿಯುತ್ತೆ. ನಾನು ಅದಕ್ಕೂ ಬೇಜಾರು ಮಾಡ್ಕೊಂಡಿರಲಿಲ್ಲ. ಬೇಜಾರಾಗಿದ್ದು ವೋಚರ್ ನೋಡಿದಾಗ. ಸಹಿ ಹಾಕಮ್ಮ ಅಂತ ಗುಮಾಸ್ತರು ಮುಂದಿಟ್ಟ ಕಾಗದದಲ್ಲಿ "ಮೈದಾನ ಸ್ವಚ್ಛತೆ ಮತ್ತು ಗೆರೆ ಹಾಕಿದ ಕೂಲಿ" ಅಂತ ಇತ್ತು. ಯಾಕೆ ಸರ್ ಹೀಗೆ ಅಂದೆ. "ಕೋಚ್ ಅಂತ ನಮ್ಮಲ್ಲಿ ಹೆಡ್ಡೇ ಇಲ್ಲಮ್ಮ, ಯಾವ ಖಾತೆಗೆ ಹಾಕೋಣ ಹೇಳು" ಅಂದರು. ಅವರ ಮಾತೂ ಸುಳ್ಳಲ್ಲ. ಕೂಲಿ ಕೆಲಸಕ್ಕೆ ಅವಮಾನ ಅಂತ ನಾನು ಹೇಳ್ತಿಲ್ಲ, ಗೆರೆಯನ್ನೂ ನಾನೇ ಹಾಕಿದ್ದೆ. ಆದರೆ ಪಿಚಿಂಗ್ ಹೇಳಿಕೊಟ್ಟಿದ್ದು ಯಾವ ಲೆಕ್ಕ?

ಇದರ ನಿಜವಾದ ಪೆಟ್ಟು ಗೊತ್ತಾಗೋದು ಆಮೇಲೆ, ಬೇರೆ ಕಡೆ ಕೆಲಸಕ್ಕೆ ಅರ್ಜಿ ಹಾಕುವಾಗ. ಅರ್ಜಿಯಲ್ಲಿ ಅನುಭವ ಅಂತ ಒಂದು ಕಾಲಂ, ಪಕ್ಕದಲ್ಲೇ ದಾಖಲೆ ಲಗತ್ತಿಸಿ ಅಂತ. ನಾನು ಕಾಲೇಜಿಗೆ ಹೋಗಿ ಒಂದು ಸೇವಾ ಪತ್ರ ಕೊಡಿ ಅಂದರೆ, ನೇಮಕಾತಿ ಆದೇಶವೇ ಇಲ್ಲದೆ ಸೇವಾ ಪತ್ರ ಹೇಗೆ ಕೊಡೋದು ಅಂದರು. ನನ್ನ ಹತ್ರ ಆಡಿ ಬಂದ ಹುಡುಗಿಯರ ಫೈಲಲ್ಲಿ ವಿಶ್ವವಿದ್ಯಾಲಯದ ಸೀಲು ಬಿದ್ದ ಸರ್ಟಿಫಿಕೇಟ್ ಇದೆ. ನನ್ನ ಫೈಲಲ್ಲಿ ಏನೂ ಇಲ್ಲ. ಸಂದರ್ಶನದಲ್ಲಿ ಕೂತವರು "ಅಂದ್ರೆ ನೀವು ಫ್ರೆಶರ್" ಅಂದಾಗ ಏನಂತ ಹೇಳ್ಬೇಕು?

ಅಮೆರಿಕದಲ್ಲಿ ಇದು ಪಕ್ಕಾ ವೃತ್ತಿ. ಓಕ್ಲಹೋಮಾ ವಿಶ್ವವಿದ್ಯಾಲಯದ ಹೆಣ್ಣುಮಕ್ಕಳ ತಂಡ 2021ರಿಂದ 2024ರವರೆಗೆ ಸತತ ನಾಲ್ಕು ವರ್ಷ ಅಲ್ಲಿನ ರಾಷ್ಟ್ರೀಯ ಕಾಲೇಜು ಚಾಂಪಿಯನ್. ಮುಖ್ಯ ಕೋಚ್ ಪ್ಯಾಟಿ ಗ್ಯಾಸೊ ಹೆಸರು ಎಲ್ಲರಿಗೂ ಗೊತ್ತು. ಆದರೆ ಪಿಚರ್‌ಗಳನ್ನ ತಯಾರು ಮಾಡಿದ ಜೆನಿಫರ್ ರೋಚಾ, ಬ್ಯಾಟಿಂಗ್ ನೋಡಿಕೊಂಡ ಜೆ.ಟಿ. ಗ್ಯಾಸೊ, ಈ ಅಸಿಸ್ಟೆಂಟ್‌ಗಳ ಹೆಸರೂ ಅಲ್ಲಿ ಆಟ ನೋಡುವ ಜನಕ್ಕೆ ಗೊತ್ತು. ಪಿಚಿಂಗ್‌ಗೆ ಒಬ್ಬರು, ಬ್ಯಾಟಿಂಗ್‌ಗೆ ಒಬ್ಬರು, ಹೈಸ್ಕೂಲು ಹೈಸ್ಕೂಲು ಸುತ್ತಿ ಹೊಸ ಆಟಗಾರ್ತಿಯರನ್ನ ಹುಡುಕೋದೂ ಇವರದೇ ಕೆಲಸ. ಸ್ನಾತಕೋತ್ತರ ಓದುತ್ತಾ ತಂಡದಲ್ಲಿ ಕೆಲಸ ಮಾಡಿ, ಅಲ್ಲಿಂದ ಅಸಿಸ್ಟೆಂಟ್, ಆಮೇಲೆ ಇನ್ನೊಂದು ಕಾಲೇಜಿಗೆ ಮುಖ್ಯ ಕೋಚ್, ಹೀಗೆ ಮೆಟ್ಟಿಲು ಇದೆ. ಹಾಗಂತ ಅಲ್ಲೂ ಎಲ್ಲ ಬೆಣ್ಣೆ ಅಲ್ಲ. ದೊಡ್ಡ ಕಾಲೇಜುಗಳ ಸಾಫ್ಟ್‌ಬಾಲ್ ತಂಡಗಳಲ್ಲಿ ಮುಖ್ಯ ಕೋಚ್, ಇಬ್ಬರು ಸಂಬಳದ ಅಸಿಸ್ಟೆಂಟ್, ಅವರ ಕೆಳಗೆ ಸಂಬಳವೇ ಇಲ್ಲದ ಒಬ್ಬ ವಾಲಂಟಿಯರ್ ಕೋಚ್ ಅಂತ ಇಡೋಕೆ ನಿಯಮವೇ ಇತ್ತು. ದಿನವಿಡೀ ದುಡಿದು, ಹೊಟ್ಟೆಪಾಡಿಗೆ ಬೇಸಿಗೆ ಕ್ಯಾಂಪು, ಖಾಸಗಿ ಪಾಠ. ಕಾಲೇಜು ಕ್ರೀಡೆ ನಡೆಸುವ ಎನ್‌ಸಿಎಎ ಸಂಸ್ಥೆ 2023ರ ಜುಲೈನಿಂದ ಆ ವಾಲಂಟಿಯರ್ ಹುದ್ದೆಯನ್ನೇ ತೆಗೆದುಹಾಕಿತು, ತಂಡಕ್ಕೆ ಇಟ್ಟುಕೊಳ್ಳಬಹುದಾದ ಕೋಚ್‌ಗಳ ಸಂಖ್ಯೆ ಜಾಸ್ತಿ ಮಾಡಿತು. ಸಂಬಳವಿಲ್ಲದೆ ದುಡಿದ ಕೋಚ್‌ಗಳು ಕೋರ್ಟಿಗೂ ಹೋದರು. ಅಷ್ಟು ದುಡ್ಡಿರೋ ದೇಶದಲ್ಲೇ ಪುಗಸಟ್ಟೆ ದುಡಿಸಿಕೊಳ್ಳೋದು ನಿಲ್ಲೋಕೆ ಅಷ್ಟು ವರ್ಷ ಬೇಕಾಯ್ತು. ಆದರೆ ಒಂದು ವ್ಯತ್ಯಾಸ ನೋಡಿ. ಆ ವಾಲಂಟಿಯರ್ ಹೆಸರೂ ತಂಡದ ಪಟ್ಟಿಯಲ್ಲಿ ಇರ್ತಿತ್ತು. ಮುಂದಿನ ಕೆಲಸಕ್ಕೆ ಹೋದಾಗ ಇಂಥ ವರ್ಷ ಇಂಥ ತಂಡದಲ್ಲಿದ್ದೆ ಅಂತ ತೋರಿಸಬಹುದಿತ್ತು.

ಅಷ್ಟು ದೂರ ಯಾಕೆ, ನಮ್ಮ ತೋರಣಗಲ್ಲಿನ ಪಕ್ಕದಲ್ಲೇ 2018ರಲ್ಲಿ ಶುರುವಾದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆ ಇದೆ. ಕುಸ್ತಿ, ಬಾಕ್ಸಿಂಗ್, ಜೂಡೊ, ಅಥ್ಲೆಟಿಕ್ಸ್, ಈಜು. ನೀರಜ್ ಚೋಪ್ರಾ ಕೂಡ ಅಲ್ಲಿ ತರಬೇತಿ ಪಡೆದಿದ್ದಾರೆ. ಅಲ್ಲಿ ಕೋಚಿಂಗ್ ಅಂದ್ರೆ ಉದ್ಯೋಗ. ತಾಸೊಪ್ಪತ್ತಿನ ದಾರಿ ದಾಟಿ ಬಳ್ಳಾರಿಯ ಕಾಲೇಜಿಗೆ ಬಂದರೆ ಅದೇ ಕೋಚಿಂಗ್ ಉಪಕಾರ.

ಹಾಗಾದರೆ ನಮ್ಮಲ್ಲಿ ಈ ದಾರಿ ಎಲ್ಲಿಗೆ ಹೋಗುತ್ತೆ? ಕಾಲೇಜಿನ ಕಾಯಂ ಹುದ್ದೆ ಬೇಕು ಅಂದರೆ ಶೇ 55 ಅಂಕದ ಎಂ.ಪಿ.ಇಡಿ. ಬೇಕು, ಅದರ ಮೇಲೆ ನೆಟ್ ಅಥವಾ ಕೆಸೆಟ್ ಅರ್ಹತಾ ಪರೀಕ್ಷೆ ಇಲ್ಲವೇ ಪಿಎಚ್.ಡಿ., ಜೊತೆಗೆ ಓಟದ ಪರೀಕ್ಷೆ. ಯುಜಿಸಿ ವೇತನ ಶ್ರೇಣಿಯಲ್ಲಿ ಮೂಲ ವೇತನ 57,700 ರೂಪಾಯಿಯಿಂದ ಶುರು. ಕೇಳೋಕೆ ಚೆನ್ನಾಗಿದೆ. ಆದರೆ ಕಾಲೇಜಿಗೆ ಒಂದೇ ಹುದ್ದೆ, ನೇಮಕಾತಿ ಯಾವಾಗ ಅಂತ ದೇವರಿಗೇ ಗೊತ್ತು. ಹಾಗಾಗಿ ಜಾಸ್ತಿ ಜನ ನನ್ನ ಹಾಗೆ ಶಾಲೆಗೆ ಹೋಗ್ತಾರೆ, ಕೆಲವರು ಜಿಮ್‌ಗೆ, ಕೆಲವರು ಅಂಪೈರಿಂಗ್‌ಗೆ. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಎನ್ಐಎಸ್‌ನಲ್ಲಿ ಕೋಚಿಂಗ್ ಡಿಪ್ಲೊಮಾ ಒಂದು ವರ್ಷದ್ದು, ಆರು ವಾರದ ಸರ್ಟಿಫಿಕೇಟ್ ಕೋರ್ಸೂ ಇದೆ. ಮನೆಯಲ್ಲಿ ಅನುಕೂಲ ಇದ್ದವರು ಪ್ರಯತ್ನ ಮಾಡಬಹುದು. ಇದರಲ್ಲಿ ಯಾವ ದಾರಿ ಹಿಡಿದರೂ ಮಾಡಿದ ಕೋಚಿಂಗ್ ಕಾಗದದಲ್ಲಿ ಇದ್ದರೆ ಸ್ವಲ್ಪ ಮುಂದೆ ನಿಲ್ಲಬಹುದು.

ಅದಕ್ಕೇ ನನ್ನ ಬೇಡಿಕೆ ತುಂಬಾ ಸಣ್ಣದು. ದುಡ್ಡಿನ ಮಾತು ಆಮೇಲೆ ಆಡೋಣ, ಮೊದಲು ಆದೇಶ ಪತ್ರ ಕೊಡಿ. ನಾಲ್ಕು ಸಾಲು ಸಾಕು. ಇಂಥವರನ್ನು ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗೆ ನಮ್ಮ ಕಾಲೇಜಿನ ಸಾಫ್ಟ್‌ಬಾಲ್ ತಂಡದ ಸಹಾಯಕ ತರಬೇತುದಾರರಾಗಿ ತೆಗೆದುಕೊಳ್ಳಲಾಗಿದೆ ಅಂತ, ಪ್ರಾಂಶುಪಾಲರ ಸಹಿ, ಸೀಲು. ಸೀಸನ್ ಮುಗಿದ ಮೇಲೆ ಅಷ್ಟೇ ಉದ್ದದ ಇನ್ನೊಂದು ಪತ್ರ, ಕೆಲಸ ಮಾಡಿದ್ದಾರೆ ಅಂತ. ಇದಕ್ಕೆ ಸರ್ಕಾರದ ಮಂಜೂರಾತಿ ಬೇಡ, ಬಜೆಟ್ ಬೇಡ, ಒಂದು ಹಾಳೆ ಬೇಕು.

ಇದನ್ನ ಹೇಳಿದಾಗ ಆಡಳಿತ ಮಂಡಳಿಯವರೊಬ್ಬರು ನನಗೆ ನೇರವಾಗೇ ಹೇಳಿದ್ದರು. "ಇವತ್ತು ಪತ್ರ ಕೊಟ್ಟರೆ ನಾಳೆ ಕಾಯಂ ಮಾಡಿ ಅಂತ ಕೋರ್ಟಿಗೆ ಹೋಗ್ತೀರಿ." ಅಸಲಿ ಭಯ ಇದು. ಉಳಿದ ನೆಪ ಎಲ್ಲಾ ಇದರ ಮೇಲಿನ ಹೊದಿಕೆ. ಆದರೆ 2006ರಲ್ಲೇ ಸುಪ್ರೀಂ ಕೋರ್ಟು ನಮ್ಮ ಕರ್ನಾಟಕದ್ದೇ ಉಮಾದೇವಿ ಪ್ರಕರಣದಲ್ಲಿ, ತಾತ್ಕಾಲಿಕವಾಗಿ ಸೇರಿದವರು ಬಹಳ ವರ್ಷ ದುಡಿದರು ಅನ್ನೋ ಒಂದೇ ಕಾರಣಕ್ಕೆ ಸರ್ಕಾರಿ ಕೆಲಸದಲ್ಲಿ ಕಾಯಂ ಮಾಡಿ ಅಂತ ಹಕ್ಕಿನಿಂದ ಕೇಳೋಕೆ ಆಗಲ್ಲ ಅಂತ ಹೇಳಿದೆ. ಅತಿಥಿ ಉಪನ್ಯಾಸಕರನ್ನ ಕೇಳಿ ನೋಡಿ, ಆ ತೀರ್ಪಿನ ಹೆಸರು ಅವರಿಗೆ ಬಾಯಿಪಾಠ. ಹಾಗಿರುವಾಗ ಒಂದು ಸೀಸನ್‌ಗೆ ದಿನಾಂಕ ಹಾಕಿ ಕೊಟ್ಟ ಪತ್ರ ಹಿಡಿದು ನಾವು ಯಾವ ಕೋರ್ಟಲ್ಲಿ ಏನು ಗೆಲ್ತೀವಿ? ಬೇಕಾದರೆ "ಇದು ತಾತ್ಕಾಲಿಕ, ಕಾಯಂ ಹಕ್ಕು ಇರುವುದಿಲ್ಲ" ಅಂತ ಐದನೇ ಸಾಲು ಸೇರಿಸಿ. ನಮಗೇನೂ ಬೇಜಾರಿಲ್ಲ.

ಇನ್ನೊಂದು ವಾದ ಇದೆ. ಹಳೇ ವಿದ್ಯಾರ್ಥಿಗಳು ಪ್ರೀತಿಯಿಂದ ಬಂದು ಮಾಡ್ತಾರೆ, ಅದನ್ನ ಯಾಕೆ ವ್ಯವಹಾರ ಮಾಡ್ತೀರಿ ಅಂತ. ಪ್ರೀತಿಯಿಂದಲೇ ಮಾಡೋದು, ಯಾರು ಇಲ್ಲ ಅಂದರು? ಪ್ರೀತಿಯಿಂದ ಪಾಠ ಮಾಡುವ ಮೇಷ್ಟ್ರಿಗೂ ತಿಂಗಳಾದರೆ ಸಂಬಳ ಆಗುತ್ತೆ ಅಲ್ವಾ.

ವಿಶ್ವವಿದ್ಯಾಲಯದ ಕ್ರೀಡಾ ವಿಭಾಗದವರಿಗೂ ಒಂದು ಮಾತು. ನಮ್ಮ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯಕ್ಕೆ ಮೊದಲು ಕೊಪ್ಪಳದ ಕಾಲೇಜುಗಳೂ ಸೇರಿದ್ದವು, ಈಗ ಅವರಿಗೆ ಬೇರೆ ವಿಶ್ವವಿದ್ಯಾಲಯ ಆಗಿದೆ. ಸಾಫ್ಟ್‌ಬಾಲ್ ತಂಡ ಕಟ್ಟುವ ಕಾಲೇಜುಗಳು ಮೊದಲೇ ಬೆರಳೆಣಿಕೆ, ಈಗ ಇನ್ನೂ ಕಡಿಮೆ. ಹೀಗಿರುವಾಗ ಆಟ ಉಳಿದಿರೋದು ಪಿ.ಡಿ. ಸರ್‌ಗಳ ಹಿಂದೆ ನಿಂತ ಈ ಹುಡುಗ ಹುಡುಗಿಯರಿಂದ. ಅಂತರ ಕಾಲೇಜು ಟೂರ್ನಿಗೆ ಕಾಲೇಜುಗಳು ಕಳಿಸುವ ಪ್ರವೇಶ ಫಾರ್ಮಿನಲ್ಲಿ "ಸಹಾಯಕ ತರಬೇತುದಾರರು" ಅಂತ ಒಂದು ಕಾಲಂ ಕಡ್ಡಾಯ ಮಾಡಿ. ಅಲ್ಲಿ ಹೆಸರು ಬಿದ್ದರೆ ಕಾಲೇಜು ಆಮೇಲೆ ಇಲ್ಲ ಅನ್ನೋಕೆ ಆಗಲ್ಲ. ಗೌರವಧನ ಎಷ್ಟೇ ಇರಲಿ, ಅದು ಬ್ಯಾಂಕ್ ಖಾತೆಗೆ, ಕೋಚ್ ಅನ್ನೋ ಹೆಸರಿನಲ್ಲೇ ಬರಲಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ, ಗಣಿ ಜಿಲ್ಲೆಯಾದ ನಮಗೆ ಜಿಲ್ಲಾ ಖನಿಜ ನಿಧಿಯೂ ಇದೆ. ಕ್ರೀಡೆ ಅಂದ ಕೂಡಲೇ ಗ್ಯಾಲರಿ, ಕಾಂಪೌಂಡು, ಕಮಾನು ಅಂತ ಯೋಚನೆ ಮಾಡುವ ಬದಲು ಈ ಹುಡುಗರ ಒಂದು ಸೀಸನ್‌ನ ಗೌರವಧನಕ್ಕೆ ಎಷ್ಟು ಬೇಕಾಗುತ್ತೆ ಅಂತ ಒಮ್ಮೆ ಲೆಕ್ಕ ಹಾಕಿ ನೋಡಲಿ. ಒಂದು ಕಮಾನಿನ ಬಣ್ಣದ ಖರ್ಚೂ ಆಗಲಿಕ್ಕಿಲ್ಲ.

ಈಗ ಫೋನ್ ಮಾಡಿ ಕೇಳುವ ಮಕ್ಕಳಿಗೆ ನನ್ನ ಉತ್ತರ. ಹೋಗಿ. ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸಿನಲ್ಲಿ ತಂಡ ನಡೆಸೋದು ಕಲಿಯೋಕೆ ಇದಕ್ಕಿಂತ ಒಳ್ಳೆ ಜಾಗ ಸಿಗಲ್ಲ. ಆದರೆ ಇದೇ ನನ್ನ ಜೀವನ ಅಂತ ಕೂರಬೇಡಿ, ಜೊತೆಗೇ ಎಂ.ಪಿ.ಇಡಿ. ಓದಿ, ಕೆಸೆಟ್ ಬರೀರಿ. ಆದೇಶ ಪತ್ರವನ್ನ ಮೊದಲ ವಾರವೇ ಕೇಳಿ, ಟೂರ್ನಿ ಗೆದ್ದ ಮೇಲೆ ಕೇಳೋಣ ಅಂತ ಬಿಡಬೇಡಿ, ಗೆದ್ದ ಮೇಲೆ ಎಲ್ಲರೂ ಬ್ಯುಸಿ ಇರ್ತಾರೆ. ಪತ್ರ ಕೊಡಲಿಲ್ಲ ಅಂದರೆ ನಿಮ್ಮ ಕೈಬರಹದ ಸ್ಕೋರ್ ಪುಸ್ತಕದ ಪುಟಗಳು, ಪ್ರವೇಶ ಫಾರ್ಮಿನ ಜೆರಾಕ್ಸ್, ತಂಡದ ಜೊತೆ ನಿಮ್ಮ ಹೆಸರೂ ಇರುವ ರೈಲ್ವೆ ಟಿಕೆಟು, ಎಲ್ಲಾ ಒಂದು ಫೈಲಲ್ಲಿ ಹಾಕಿಡಿ. ವೋಚರಿಗೆ ಸಹಿ ಹಾಕುವ ಮುಂಚೆ ಅದರಲ್ಲಿ ಏನು ಬರೆದಿದೆ ಅಂತ ಓದಿ. ಕೂಲಿ ಅಂತ ಇದ್ದರೆ ಪಕ್ಕದಲ್ಲಿ "ಸಾಫ್ಟ್‌ಬಾಲ್ ತರಬೇತಿ" ಅಂತ ನೀವೇ ಬರೆದು ಸಹಿ ಹಾಕಿ. ಗುಮಾಸ್ತರು ಗೊಣಗ್ತಾರೆ, ಗೊಣಗಲಿ.

ಹೊಸ ಶೈಕ್ಷಣಿಕ ವರ್ಷದ ಕ್ರೀಡಾ ಕ್ಯಾಲೆಂಡರ್ ಮಾಡೋಕೆ ವಿಶ್ವವಿದ್ಯಾಲಯ ಎಲ್ಲಾ ಕಾಲೇಜುಗಳ ಪಿ.ಡಿ.ಗಳ ಸಭೆ ಕರೆಯುತ್ತೆ. ಈ ಸಲದ ಸಭೆಯಲ್ಲಿ ಈ ಕಾಲಂ ವಿಷಯವನ್ನ ಯಾರಾದರೂ ಒಬ್ಬ ಪಿ.ಡಿ. ಸರ್ ಎತ್ತಲಿ. ಎತ್ತುವವರು ಸಿಕ್ಕರೆ ಪತ್ರದ ಮಾದರಿ ಬರೆದುಕೊಡೋಕೆ ನಾನು ತಯಾರಿದ್ದೀನಿ.

— ಮಾಜಿ ಸಹಾಯಕ ಸಾಫ್ಟ್‌ಬಾಲ್ ಕೋಚ್, ಬಳ್ಳಾರಿ